ಲ್ಯಾಪ್‌ಟಾಪ್ ಚಾರ್ಜರ್ ವೈರ್‌ಗೆ ಲಾಡಿಯೇ ಚಲೋ: ವೆಲ್ಕ್ರೋ, ರಬ್ಬರ್, ಪೌಚ್ ಎಲ್ಲ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಚಾರ್ಜರ್ ವೈರ್ ಸುತ್ತಿ ಕಟ್ಟಲು ನನಗೆ ಒಗ್ಗಿದ್ದು ಲಾಡಿ. ಪೈಜಾಮಕ್ಕೆ, ಸೀರೆಯ ಒಳಗಿನ ಪರಕಾರಕ್ಕೆ ಪೋಣಿಸುವ ಅದೇ ಹತ್ತಿ ಲಾಡಿ. ದುರ್ಗದಬೈಲಿನ ಒಂದು ಟೇಲರಿಂಗ್ ಸಾಮಾನಿನ ಅಂಗಡಿಯಲ್ಲಿ ₹20ಕ್ಕೆ 2 ಮೀಟರ್ ತಂದೆ. ಅದಕ್ಕೂ ಮೊದಲು ಇದೇ ಕೆಲಸಕ್ಕೆ ಬೇರೆ ಬೇರೆ ಸಾಮಾನಿಗೆ ಸುಮಾರು ₹500 ಹಾಕಿದ್ದೆ, ಚಾರ್ಜರಿನದು ಬೇರೆ.

ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿ ವಿದ್ಯಾನಗರದ ಒಂದು ಆಡಿಟರ್ ಆಫೀಸಿನಲ್ಲಿ. ಬೆಳಿಗ್ಗೆ ಜ್ಯುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸು ಹತ್ತುತ್ತೇನೆ, ಸಂಜೆ ಅದರಲ್ಲೇ ವಾಪಸ್. ಲ್ಯಾಪ್‌ಟಾಪ್ ಜೊತೆಗೇ ಓಡಾಡುತ್ತದೆ. ಅಂದರೆ ದಿನಕ್ಕೆ ಎರಡು ಸಲ ಚಾರ್ಜರ್ ಬಿಚ್ಚಬೇಕು, ಎರಡು ಸಲ ಸುತ್ತಬೇಕು. ಲ್ಯಾಪ್‌ಟಾಪ್ ಮನೆಯ ಮೇಜಿನ ಮೇಲೇ ಇರುವವರಿಗೆ ಈ ತಲೆನೋವು ಇಲ್ಲ.

ಮೂರು ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅಡಾಪ್ಟರಿನ ಕಪ್ಪು ಡಬ್ಬಿಗೇ ವೈರನ್ನು ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ಸಿಗಿಸಿ, ಬ್ಯಾಗಿಗೆ ಹಾಕುವುದು. ನೋಡಲು ಅಚ್ಚುಕಟ್ಟು, ಜಾಗವೂ ಕಡಿಮೆ. ಜುಲೈ ಕೊನೆಯ ವಾರ, ರಿಟರ್ನ್ ತುಂಬುವ ಗಡಿಬಿಡಿಯಲ್ಲಿ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿದರೆ ಪರದೆಯ ಮೇಲೆ ಒಂದು ಸೂಚನೆ: ಚಾರ್ಜರ್ ಯಾವುದೆಂದು ಗುರುತು ಸಿಗುತ್ತಿಲ್ಲ, ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಅಡಾಪ್ಟರಿನ ಲೈಟ್ ಉರಿಯುತ್ತಿತ್ತು, ಲ್ಯಾಪ್‌ಟಾಪ್ ನಡೆಯುತ್ತಲೂ ಇತ್ತು. ಆದರೆ ಎಕ್ಸೆಲ್‌ನಲ್ಲಿ ಒಂದು ಸಾಲು ಸರಿಸಿದರೆ ಮುಂದಿನ ಸಾಲು ಕಾಣಲು ಕಾಯಬೇಕು, ಅಷ್ಟು ನಿಧಾನ. ಬ್ಯಾಟರಿ ಹೋಯಿತು ಅಂದುಕೊಂಡೆ. ಮದರ್‌ಬೋರ್ಡೇ ಕೆಟ್ಟಿರಬೇಕು ಎಂದು ಆಫೀಸಿನಲ್ಲಿ ಒಬ್ಬರು ಹೆದರಿಸಿದರು. ವೈರನ್ನು ಅಡಾಪ್ಟರಿನ ಹತ್ತಿರ ಒಂದು ಕಡೆ ಒತ್ತಿ ಹಿಡಿದರೆ ಸೂಚನೆ ಹೋಗುತ್ತಿತ್ತು, ಬಿಟ್ಟರೆ ಮತ್ತೆ ಹಾಜರು. ಎರಡು ದಿನ ವೈರಿನ ಮೇಲೆ ಡೈರಿ ಇಟ್ಟು, ಅದರ ಮೇಲೆ ಪಂಚಿಂಗ್ ಮಷಿನ್ ಇಟ್ಟು ಕೆಲಸ ಮಾಡಿದೆ.

ಕೊನೆಗೆ ಕೊಪ್ಪೀಕರ್ ರೋಡಿನಲ್ಲಿ ಒಬ್ಬ ರಿಪೇರಿಯವರ ಹತ್ತಿರ ಒಯ್ದೆ. ಡಬ್ಬಿಯಿಂದ ವೈರ್ ಹೊರಗೆ ಬರುವ ಕಡೆ, ಆ ಗೆರೆ ಗೆರೆ ಕೊರೆದ ರಬ್ಬರ್ ಕುತ್ತಿಗೆಯನ್ನು ಬ್ಲೇಡಿನಿಂದ ಸೀಳಿ ತೋರಿಸಿದರು. ಮೇಲೆ ತಾಮ್ರದ ಎಳೆಗಳ ಒಂದು ಹೊದಿಕೆ, ಅದರೊಳಗೆ ಇನ್ನೊಂದು ಹೊದಿಕೆ, ಎಲ್ಲಕ್ಕೂ ನಡುವೆ ಕೂದಲಿಗಿಂತ ಸ್ವಲ್ಪ ದಪ್ಪದ ಒಂದು ವೈರ್. "ಅಕ್ಕಾರ, ಇದನ್ನ ಡಬ್ಬಿಗೆ ಬಿಗದ ಸುತ್ತತಿರೇನ್ರಿ? ನಡಬರಕಿನ ಎಳಿ ಹರದೈತಿ ನೋಡ್ರಿ" ಅಂದರು. ಹೊರಗಿನ ಎರಡು ಹೊದಿಕೆ ಕರೆಂಟ್ ಒಯ್ಯುತ್ತವೆ. ನಡುವಿನದು ಕರೆಂಟಿಗಲ್ಲ, ಈ ಅಡಾಪ್ಟರ್ ಇಷ್ಟು ವ್ಯಾಟಿನದು ಎಂದು ಲ್ಯಾಪ್‌ಟಾಪಿಗೆ ತಿಳಿಸುವುದಕ್ಕೆ. ದುಂಡು ಪಿನ್ನಿನ ನಡುವೆ ಸೂಜಿಯಂತಹ ಮುಳ್ಳು ಇರುವ ಚಾರ್ಜರ್‌ಗಳಲ್ಲಿ ಹಲವು ಹೀಗೆಯೇ. ಆ ಎಳೆ ಹರಿದರೆ ಲ್ಯಾಪ್‌ಟಾಪ್ ಚಾರ್ಜರನ್ನು ನಂಬುವುದಿಲ್ಲ, ಬ್ಯಾಟರಿಗೆ ಕರೆಂಟ್ ಬಿಡುವುದಿಲ್ಲ, ಪ್ರೊಸೆಸರನ್ನೂ ನಿಧಾನ ಮಾಡಿಬಿಡುತ್ತದೆ.

ಆ ರಬ್ಬರ್ ಕುತ್ತಿಗೆ ಇರುವುದೇ ವೈರ್ ಒಂದೇ ಕಡೆ ಮುರಿಯದೆ ನಿಧಾನವಾಗಿ ಬಾಗಲಿ ಎಂದು. ಡಬ್ಬಿಗೆ ಬಿಗಿದು ಸುತ್ತುವಾಗ ನಾವು ಅದನ್ನೇ ಮಡಚಿ ಒತ್ತುತ್ತೇವೆ. ದಿನಕ್ಕೆ ಎರಡು ಸಲ ಎಂದರೂ ವರ್ಷಕ್ಕೆ 600 ಸಲ. ಯಾವ ತಾಮ್ರ ತಡೆದೀತು?

ಡೂಪ್ಲಿಕೇಟ್ ಚಾರ್ಜರ್ ₹700ಕ್ಕೆ ಇತ್ತು. ತಿರುಗಿಸಿ ನೋಡಿದೆ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಲಿಲ್ಲ. ಕಂಪ್ಯೂಟರ್ ಅಡಾಪ್ಟರ್‌ಗಳಿಗೆ ಅದು ಕಡ್ಡಾಯ. ₹2,400 ಕೊಟ್ಟು ಒರಿಜಿನಲ್ ತಂದೆ. ಅಷ್ಟು ದುಡ್ಡು ಕೊಟ್ಟ ಮೇಲೆ ಅದನ್ನು ಹೇಗೆ ಸುತ್ತಿಡಬೇಕು ಎಂಬುದರ ಹಿಂದೆ ಬಿದ್ದೆ.

ರಬ್ಬರ್ ಬ್ಯಾಂಡ್: ಬೇಡವೇ ಬೇಡ. ಏಪ್ರಿಲ್ ಬಿಸಿಲಿಗೆ ಒಣಗಿ ಪಟ್ಟನೆ ಹರಿಯುತ್ತದೆ, ಇಲ್ಲವೇ ವೈರಿಗೆ ಅಂಟಿ ಜಿಗಟಾಗುತ್ತದೆ.

ವೈರಿನ ಉದ್ದಕ್ಕೂ ಹಾಕುವ ಪ್ಲಾಸ್ಟಿಕ್ ಸುರುಳಿ ಇಲಿ ಕಾಟ ಇರುವ ಮನೆಗೆ ಇರಲಿ, ಬ್ಯಾಗಿಗೆ ಭಾರ.

ಜಿಪ್ ಪೌಚ್ (₹250) ಕೆಟ್ಟದ್ದೇನಲ್ಲ. ಆದರೆ ಅದು ಚೀಲ ಮಾತ್ರ. ಒಳಗೆ ವೈರ್ ಸಿಕ್ಕಾಗುವುದು ತಪ್ಪುವುದಿಲ್ಲ, ಜೊತೆಗೆ ಮೌಸು, ಪೆನ್‌ಡ್ರೈವ್ ಎಲ್ಲ ಸೇರಿ ಗೋಜಲು. ಸಂಜೆ ಬಸ್ಸಿನ ಅವಸರದಲ್ಲಿ ಬಿಸಿ ಅಡಾಪ್ಟರನ್ನು ಹಾಗೇ ತುರುಕಿ ಜಿಪ್ ಎಳೆದರೆ ಧಾರವಾಡ ಮುಟ್ಟಿದರೂ ಬೆಚ್ಚಗೇ ಇರುತ್ತಿತ್ತು. ಅದು ನನಗೆ ಸರಿಬರಲಿಲ್ಲ.

ವೆಲ್ಕ್ರೋ ಪಟ್ಟಿಯನ್ನು ಎಲ್ಲರೂ ಹೊಗಳುತ್ತಾರೆ. ಹತ್ತು ಪಟ್ಟಿಗೆ ₹150. ಮೊದಲ ತಿಂಗಳು ನಾನೂ ಹೊಗಳಿದೆ, ಒಂದೇ ಕೈಯಲ್ಲಿ ಕಟ್ಟಬಹುದು, ಬಿಚ್ಚಬಹುದು. ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿಗಳನ್ನು ನೋಡಿ 1941ರಲ್ಲಿ ಇದರ ಯೋಚನೆ ಮಾಡಿದವರು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್. ನಮ್ಮ ಹೊಲದ ಬದುವಿನ ಉತ್ತರಾಣಿಯೂ ಹೀಗೆಯೇ ಸೀರೆಯ ಅಂಚು ಹಿಡಿಯುತ್ತದಲ್ಲ. ತೊಂದರೆ ಬಂದದ್ದೂ ಅಲ್ಲಿಂದಲೇ. ಕೊಕ್ಕೆಗೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಗೊತ್ತಿಲ್ಲ. ಕರವಸ್ತ್ರದ ನೂಲು, ಸ್ವೆಟರಿನ ಉಣ್ಣೆ, ತಲೆಗೂದಲು ಎಲ್ಲ ಅದಕ್ಕೆ ಬೇಕು. ಅವ್ವನ ಇಳಕಲ್ ಸೀರೆಗೆ ಫಾಲ್ ಹಚ್ಚಿಸಿ ಅದೇ ಬ್ಯಾಗಿನಲ್ಲಿ ತರುತ್ತಿದ್ದೆ. ಮನೆಗೆ ಬಂದು ತೆಗೆದರೆ ಪಟ್ಟಿ ತೋಪ್‌ತೆನಿ ಸೆರಗಿಗೆ ಕಚ್ಚಿಕೊಂಡಿತ್ತು. ಮೆಲ್ಲಗೆ ಬಿಡಿಸಿದರೂ ರೇಷ್ಮೆಯ ಎರಡು ಎಳೆ ಎದ್ದು ಬಂದವು. ಅವ್ವ ಏನೂ ಅನ್ನಲಿಲ್ಲ, ಸೂಜಿ ತಂದು ಎಳೆಗಳನ್ನು ಹಿಂದಕ್ಕೆ ಎಳೆಯುತ್ತ ಕೂತಳು. ನನಗೆ ಇವತ್ತಿಗೂ ಕೆಡುಕೆನಿಸುತ್ತದೆ. ಆರು ತಿಂಗಳಿಗೆ ಕೊಕ್ಕೆಯ ತುಂಬ ಕಸ ತುಂಬಿ ಹಿಡಿತವೂ ಹೋಯಿತು.

ಲಾಡಿಯ ಯೋಚನೆ ಬಂದದ್ದು ಸೀರೆಯ ಎಳೆ ಎದ್ದ ಆ ದಿನವೇ, ಅವ್ವನ ಸೂಜಿ ದಾರಗಳ ನಡುವೆ. ಅಂಗಡಿಯವರು "ಪೈಜಾಮಾಕ್ಕೇನ್ರಿ ಅಕ್ಕಾರ?" ಎಂದು ಕೇಳಿ ನೈಲಾನಿನದನ್ನು ತೋರಿಸಿದರು. ನೈಲಾನ್ ಜಾರುತ್ತದೆ, ಗಂಟು ನಿಲ್ಲುವುದಿಲ್ಲ. ಹತ್ತಿಯದೇ ಬೇಕು. ಒಂದು ಮೊಳ ಕತ್ತರಿಸಿ, ನಡುವೆ ಮಡಚಿ, ಆ ಕುಣಿಕೆಯನ್ನು ವೈರಿನ ಕೆಳಗಿಟ್ಟು ಎರಡೂ ತುದಿ ಅದರೊಳಗಿಂದ ಎಳೆದರೆ ಲಾಡಿ ವೈರಿಗೇ ಕೂತುಬಿಡುತ್ತದೆ, ಕಳೆಯುವ ಮಾತೇ ಇಲ್ಲ. ಅಡಾಪ್ಟರಿನ ಕುತ್ತಿಗೆಯಿಂದ ಒಂದು ಗೇಣು ದೂರ ಕಟ್ಟಿ. ಆ ಗೇಣಿನಷ್ಟು ವೈರ್ ಯಾವಾಗಲೂ ಸಡಿಲವಾಗಿ ಬಾಗಿರಬೇಕು. ಉಳಿದದ್ದನ್ನು ಅಂಗೈ ಅಗಲದ ಸುರುಳಿ ಮಾಡಿ, ಎಳೆದರೆ ಬಿಚ್ಚುವ ಗಂಟು ಹಾಕಿದರೆ ಮುಗಿಯಿತು. ಗೋಡೆಯ ಕಡೆಯ ದಪ್ಪ ವೈರನ್ನು ಅಡಾಪ್ಟರಿನಿಂದ ಕಿತ್ತು ಅದಕ್ಕೊಂದು ಬೇರೆ ಲಾಡಿ.

ಸುರುಳಿ ಹೇಗೆ ಮಾಡಬೇಕೆಂದು ಕಲಿಸಿದ್ದು ನಮ್ಮ ಓಣಿಯ ಗಣೇಶನ ಪೆಂಡಾಲಿಗೆ ಮೈಕ್ ಸೆಟ್ ತಂದಿದ್ದ ಹುಡುಗ. "ಒಂದ ಸುತ್ತ ನೆಟ್ಟಗ, ಒಂದ ಸುತ್ತ ಉಲ್ಟಾ ಹಾಕ್ರಿ ಅಕ್ಕಾರ, ಸಿಕ್ಕ ಬೀಳೂದಿಲ್ಲ" ಅಂದ. ಒಂದೇ ದಿಕ್ಕಿಗೆ ಸುತ್ತಿದರೆ ಪ್ರತಿ ಸುತ್ತಿಗೂ ವೈರ್ ಒಂದೊಂದು ಹುರಿ ತಿನ್ನುತ್ತದೆ. ಎರಡನೆಯ ಸುತ್ತಿಗೆ ಮಣಿಕಟ್ಟು ಒಳಕ್ಕೆ ತಿರುಗಿಸಿ ವೈರನ್ನು ಕೆಳಗಿನಿಂದ ತಂದರೆ ಆ ಹುರಿ ಬಿಚ್ಚಿಕೊಳ್ಳುತ್ತದೆ. ಕೈಗೆ ಕೂರಲು ನನಗೆ ಒಂದು ವಾರ ಹಿಡಿಯಿತು. ಈಗ ತುದಿ ಹಿಡಿದು ಬಿಟ್ಟರೆ ವೈರ್ ನೆಟ್ಟಗೆ ಇಳಿಯುತ್ತದೆ.

ಲಾಡಿಯ ಕೊರತೆ ಎಂದರೆ ಬೇಗ ಕೊಳೆಯಾಗುತ್ತದೆ, ಎರಡೂ ಕೈ ಬೇಕು. ಚಿಗರಿ ಬಾಗಿಲು ಮುಚ್ಚುವ ಹೊತ್ತಿನಲ್ಲಿ ಕಟ್ಟುವ ಹಾಗಿಲ್ಲ.

ಜೊತೆಗೆ ಕೆಲಸ ಮಾಡುವವರೊಬ್ಬರದು ಮೊಬೈಲಿನಂಥ ಯುಎಸ್‌ಬಿ-ಸಿ ಪಿನ್ನಿನಿಂದ ಚಾರ್ಜ್ ಆಗುವ ಲ್ಯಾಪ್‌ಟಾಪ್. ಅವರ ವೈರ್ ಎರಡೂ ಕಡೆ ಬಿಚ್ಚಿ ಬರುತ್ತದೆ, ಹರಿದರೆ ವೈರ್ ಮಾತ್ರ ಬದಲಿಸಿದರೆ ಸಾಕು. ಮುಂದಿನ ಲ್ಯಾಪ್‌ಟಾಪಿನಲ್ಲಿ ನಾನು ಮೊದಲು ನೋಡುವುದು ಅದನ್ನೇ. ಆದರೆ 60 ವ್ಯಾಟಿಗಿಂತ ಹೆಚ್ಚು ಬೇಕಿದ್ದರೆ 5 ಆಂಪಿಯರಿನ, ಒಳಗೆ ಚಿಪ್ ಇರುವ ಕೇಬಲ್ಲೇ ಆಗಬೇಕು. ಮೊಬೈಲಿನ ಕೇಬಲ್ ನೋಡಲು ಹಾಗೇ ಇದ್ದರೂ ಅಷ್ಟು ಒಯ್ಯುವುದಿಲ್ಲ. ಆಫೀಸಿಗೊಂದು ಮನೆಗೊಂದು ಚಾರ್ಜರ್ ಇಟ್ಟರೆ ಸುತ್ತುವ ಕೆಲಸವೇ ಇಲ್ಲ, ನಿಜ. ನನಗೆ ಇನ್ನೊಂದು ₹2,400 ಈಗ ಆಗುವುದಿಲ್ಲ.

ಹೊಸ ಚಾರ್ಜರಿಗೆ 14 ತಿಂಗಳಾಯಿತು, ಕುತ್ತಿಗೆಯ ರಬ್ಬರಿನಲ್ಲಿ ಒಂದು ಬಿರುಕಿಲ್ಲ. ಉಳಿದ ಲಾಡಿಯಲ್ಲಿ ಒಂದು ಮೊಳ ಆ ಯುಎಸ್‌ಬಿ-ಸಿಯವರಿಗೇ ಕೊಟ್ಟೆ. ಬಿಳಿ ಬೇಗ ಕೊಳೆಯಾಗುತ್ತದೆ ಅಂದರು. ಕಪ್ಪು ಲಾಡಿಯೂ ಅದೇ ಅಂಗಡಿಯಲ್ಲಿ ಇದೆ, ರೇಟು ಅಷ್ಟೇ.