ಪಾತ್ರ ಬದಲಾಗಬೇಕು: ಒಂದೇ ಏಟಿಗೋ, ನಿಧಾನಕ್ಕೋ?

ನಿಮ್ಮ ಕಥೆಯ ಮನುಷ್ಯ ಕೊನೆಗೆ ಬೇರೆಯವನಾಗಬೇಕು. ಎರಡು ದಾರಿಗಳಿವೆ. ಎರಡಕ್ಕೂ ನಮ್ಮಲ್ಲೇ ಒಳ್ಳೆಯ ಮಾದರಿ ಇದೆ.

ಒಂದು, ಪುರಂದರದಾಸರ ಬಗ್ಗೆ ಹೇಳುವ ಮೂಗುತಿಯ ಕಥೆ. ಆಗಿನ್ನೂ ಅವರು ಜಿಪುಣ ವ್ಯಾಪಾರಿ ಶ್ರೀನಿವಾಸ ನಾಯಕ. ಅವನ ಅಂಗಡಿಗೆ ಬಡವನೊಬ್ಬ ಮೂಗುತಿ ತರುತ್ತಾನೆ. ನೋಡಿದರೆ ಹೆಂಡತಿಯದೇ, ಅವಳೇ ಗುಟ್ಟಾಗಿ ದಾನ ಕೊಟ್ಟದ್ದು! ಪೆಟ್ಟಿಗೆಯಲ್ಲಿಟ್ಟು ಮನೆಗೆ ಓಡುತ್ತಾನೆ. ಅದೇ ಮೂಗುತಿ ಅವಳು ಕುಡಿಯಲು ಹೊರಟ ವಿಷದ ಬಟ್ಟಲಲ್ಲಿ ಸಿಕ್ಕಿದೆ. ವಾಪಸ್ ಬಂದರೆ ಪೆಟ್ಟಿಗೆ ಖಾಲಿ. ಆಸ್ತಿಯೆಲ್ಲ ದಾನ ಮಾಡಿಬಿಡುತ್ತಾನೆ. ಒಂದೇ ದಿನದ ಬದಲಾವಣೆ, ಆದರೂ ನಂಬುತ್ತೇವೆ. ಯಾಕೆಂದರೆ ಆ ಬಡವನನ್ನು ಅವನು ಮತ್ತೆ ಮತ್ತೆ ಅಲೆಸಿದ್ದನ್ನು ಮೊದಲೇ ಕೇಳಿರುತ್ತೇವೆ. ಈ ದಾರಿ ಹಿಡಿದರೆ ಹಳೆಯ ಮನುಷ್ಯನಿಗೇ ಜಾಸ್ತಿ ಪುಟ ಕೊಡಿ. ಮೂಗುತಿಯಂಥ ಒಂದು ವಸ್ತುವೂ ಬೇಕು. ಸುಮ್ನೆ ‘ಅವನಿಗೆ ಜ್ಞಾನೋದಯವಾಯಿತು’ ಅಂತ ಬರೆದರೆ ಯಾರೂ ಒಪ್ಪುವುದಿಲ್ಲ.

ಇನ್ನೊಂದು, ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು, ಅಗ್ರಹಾರವೇ ಗೌರವಿಸುವ ಮಡಿವಂತ ಪಂಡಿತ. ಸತ್ತ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿಯ ಜೊತೆಗಿನ ರಾತ್ರಿ ಅಲ್ಲಿ ಬರೀ ಶುರು. ಆಮೇಲೆ ದಾರಿಯಲ್ಲಿ ಸಿಕ್ಕ ಪುಟ್ಟನ ಜೊತೆ ಜಾತ್ರೆಯಲ್ಲಿ ಅಲೆಯುತ್ತಾರೆ, ಸೂತಕವಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಯಾರಾದರೂ ಗುರುತು ಹಿಡಿದರೆ ಅನ್ನುವ ಆ ಭಯವೇ ಬದಲಾವಣೆ ತೋರಿಸುತ್ತದೆ. ಕೊನೆಗೂ ಉತ್ತರ ಪೂರ್ತಿ ಸಿಗುವುದಿಲ್ಲ.

ಸಣ್ಣಕಥೆಗೆ ಮೊದಲನೆಯದು ಸಾಕು. ಕಾದಂಬರಿಯಾದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಹಳೆಯ ಅಭ್ಯಾಸ ಒಮ್ಮೆಯಾದರೂ ಮರಳಿ ಬರಲಿ. ನಿಜವಾದ ಮನುಷ್ಯರು ಹಾಗೇ ಅಲ್ವಾ?