"ಪ್ರಯಾಣದ ಸುಸ್ತು" ಅಂದರೆ ನಂಬಬೇಡಿ, ಮಂಕಾದ ಹ್ಯಾಟೆಯನ್ನು ಹಿಂಡಿಗೆ ಬಿಡಬೇಡಿ

ಮೊದಲೇ ಹೇಳಿಬಿಡ್ತೀನಿ. ಹೊಸದಾಗಿ ತಂದ ಹ್ಯಾಟೆ (ಇನ್ನೂ ಮೊಟ್ಟೆ ಇಡದ ಎಳೆ ಹೆಣ್ಣುಕೋಳಿ) ಮಾರನೇ ದಿನವೂ ಪುಕ್ಕ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರೆ ಅದು ಸುಸ್ತಲ್ಲ, ಕಾಯಿಲೆ. ಮಾರಿದವರು ಏನೇ ಹೇಳಲಿ, ಹಿಂಡಿಗೆ ಬಿಡಬೇಡಿ. ಬಿಡಲೇಬೇಡಿ. ನಾನು ಬಿಟ್ಟೆ. ಕೋಳಿ ಸಾಕಿ ಗೊತ್ತಿದ್ದೂ ಅವರ ಮಾತು ಕೇಳಿ ಬಿಟ್ಟೆ, ಅದೇ ನನಗೆ ಇವತ್ತಿಗೂ ಉರಿಯೋದು.

ಸಂಜೆ ಮಬ್ಬಲ್ಲಿ ಕೊಟ್ಟರು. "16 ವಾರದ್ದು, ಲಸಿಕೆ ಎಲ್ಲ ಆಗಿದೆ" ಅಂದರು. ಕತ್ತಿನ ಬುಡದ ಚೀಲ ಮುಟ್ಟಿ ತೋರಿಸಿ "ನೋಡಿ ಸರ್, ಹೊಟ್ಟೆ ತುಂಬ ತಿಂದಿದೆ" ಅಂದರು. ಚೀಲ ತುಂಬಿತ್ತು ನಿಜ. ಆದರೆ ಕಾಳು ತಿಂದ ಕೋಳಿಯ ಚೀಲದಲ್ಲಿ ಕಾಳು ಬೆರಳಿಗೆ ಸಿಗುತ್ತೆ. ಇದು ನೀರು ತುಂಬಿದ ಬಲೂನಿನ ಹಾಗೆ ಜೋಲುತ್ತಿತ್ತು. ರಾತ್ರಿಯೆಲ್ಲ ಕಳೆದು ಬೆಳಗ್ಗೆ ಮೇವು ಹಾಕುವ ಮೊದಲು ಚೀಲ ಖಾಲಿಯಾಗಿರಬೇಕು. ಇದರದ್ದು ಹಾಗೇ ಇತ್ತು. ಎದೆಮೂಳೆ ಚಾಕುವಿನ ಅಲಗಿನ ಹಾಗೆ ಕೈಗೆ ಚುಚ್ಚಿತು. ತಿರುಗಿಸಿ ನೋಡಿದೆ. ಹಿಂಭಾಗದ ಪುಕ್ಕ ಒದ್ದೆ, ಸೋಪಿನ ವಾಸನೆ. ಪುಕ್ಕ ಬಿಡಿಸಿದರೆ ಬುಡದಲ್ಲಿ ಕಂದು ಹಿಕ್ಕೆ ಗಟ್ಟಿಯಾಗಿ ಅಂಟಿತ್ತು. ತೊಳೆದು ಕೊಟ್ಟಿದ್ದಾರೆ! ಭೇದಿ ಆಗ್ತಿರೋದು ಗೊತ್ತಿದ್ದೇ, ಮೇಲೆ ಮೇಲೆ ತೊಳೆದು ಕೊಟ್ಟಿದ್ದಾರೆ.

ಮೆಸೇಜ್ ಹಾಕಿದೆ. ಉತ್ತರ: "ಪ್ರಯಾಣದ ಸುಸ್ತು ಸರ್. ಒಂಟಿಯಾಗಿಟ್ಟರೆ ಹೆದರುತ್ತೆ, ಹಿಂಡಿಗೆ ಬಿಡಿ, ಜೊತೆ ಸಿಕ್ಕಿದರೆ ತಿನ್ನುತ್ತೆ." ಮಧ್ಯಾಹ್ನ ಬಿಟ್ಟೆ. ಮಾರನೇ ಬೆಳಗ್ಗೆ ಮೂಲೆಯಲ್ಲಿತ್ತು, ನೆತ್ತಿ ಕುಕ್ಕಿಸಿಕೊಂಡು, ಕೆಳಗೆ ರಕ್ತ ಮಿಶ್ರಿತ ಹಿಕ್ಕೆ. ಹಿಕ್ಕೆ ಪರೀಕ್ಷೆ ಮಾಡಿಸಿದರೆ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್.

ಇದಕ್ಕೆ ಅವರ ಉತ್ತರ ಕೇಳಿ: "ನಮ್ಮಲ್ಲಿದ್ದಾಗ ಚೆನ್ನಾಗಿತ್ತು. ನಿಮ್ಮ ಗೂಡೇ ಗಲೀಜಿರಬೇಕು. ಲಸಿಕೆ ಬೇರೆ ಆಗಿದೆ." ಕೋಳಿಗೆ ಸಾಮಾನ್ಯವಾಗಿ ಹಾಕಿಸೋ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಕೊಕ್ಕರೆ ರೋಗಕ್ಕೆ, ರಕ್ತಭೇದಿಗಲ್ಲ. ಇನ್ನು ಗೂಡಿನ ಮಾತು. ಈ ರೋಗಾಣು ಹೊಟ್ಟೆಗೆ ಹೋಗಿ ರಕ್ತ ಕಾಣಿಸಬೇಕಾದರೆ ಕಡಿಮೆ ಅಂದರೂ 4 ದಿನ ಬೇಕು. ಇದು ಬಂದು 2 ರಾತ್ರಿ ಕಳೆದಿತ್ತು, ಅಷ್ಟೇ. ರೋಗ ಎಲ್ಲಿಂದ ಬಂತು ಅಂತ ನೀವೇ ಲೆಕ್ಕ ಹಾಕಿ. ಬೆಚ್ಚಗೆ ತೇವ ಇರೋ ಹಾಸಿನಲ್ಲಿ ಹಿಕ್ಕೆಯ ರೋಗಾಣು ಒಂದೆರಡು ದಿನದಲ್ಲೇ ಬೇರೆ ಕೋಳಿಗೆ ಅಂಟೋಕೆ ತಯಾರಾಗುತ್ತೆ. ಬ್ಲೀಚಿಂಗ್ ಹಾಕಿದರೂ ಸಾಯಲ್ಲ. ಹಾಸು ತೆಗೆದು ಒಣಗಿಸಬೇಕು. ಒಂದೇ ಒಂದು ದಿನ ಹಿಂಡಿನಲ್ಲಿತ್ತು, ವಾರದೊಳಗೆ ನನ್ನ ಎರಡು ಎಳೆಯ ಕೋಳಿಗಳೂ ಮಂಕಾದವು.

ಹ್ಯಾಟೆ ಉಳಿಯಿತು, ಆದರೆ ಸುಮ್ಮನೆ ಉಳಿಯಲಿಲ್ಲ. ಬೇರೆ ಪೆಟ್ಟಿಗೆ, ಒಂದು ಬದಿಗೆ ಮಾತ್ರ ಬಲ್ಬು. ಬಲ್ಬಿನ ಕಡೆ 30 ಡಿಗ್ರಿ ಹತ್ತಿರ, ಸೆಕೆಯಾದರೆ ಅದೇ ಆಚೆ ಸರಿಯಲು ಜಾಗ. ರಕ್ತಭೇದಿಯ ಔಷಧಿ ಆಂಪ್ರೋಲಿಯಂ, 9.6% ದ್ರಾವಣ, ಲೀಟರ್ ನೀರಿಗೆ 2.5 ಮಿ.ಲೀ., 5 ದಿನ. ಆಮೇಲೆ ಲೀಟರಿಗೆ 0.6 ಮಿ.ಲೀ., ಇನ್ನೊಂದು ವಾರ. ಸೀಸೆ ಮೇಲೆ ಬರೆದ ಶೇಕಡಾ ಪ್ರಮಾಣ ಬೇರೆಯಿದ್ದರೆ ಈ ಅಳತೆ ಹೊಂದಲ್ಲ, ಪಶುವೈದ್ಯರನ್ನು ಕೇಳಿ. ದಿನಾ ಹೊಸದಾಗಿ ಕಲಸಬೇಕು, ಕುಡಿಯಲು ಬೇರೆ ನೀರು ಇಡಬಾರದು. ಔಷಧಿ ನಡೆಯುವಾಗ ಬಿ1 ಇರೋ ವಿಟಮಿನ್ ಕೊಟ್ಟರೆ ಔಷಧಿ ಕೆಲಸ ಮಾಡಲ್ಲ, ಅದು ಬಿ1ನ ವೇಷದಲ್ಲೇ ರೋಗಾಣುವನ್ನು ಉಪವಾಸ ಕೆಡವೋದು. ವಿಟಮಿನ್ ಆಮೇಲೆ. ತಾನಾಗಿ ಕುಡಿಯದಿದ್ದರೆ ಕೊಕ್ಕಿನ ಅಂಚಿಗೆ ಹನಿ ಹನಿ ಬಿಡಿ, ಬಾಯಿ ತೆರೆದು ಸುರಿಯಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಚೀಲದ ನೀರು ಕಕ್ಕಿಸೋಕೆ ತಲೆಕೆಳಗೆ ಹಿಡಿಯೋದೂ ಅಷ್ಟೇ ಅಪಾಯ. ಮೊಟ್ಟೆ ಕೋಳಿಯ ಮೇವು ಹಾಕಬೇಡಿ, ಅದರ ಸುಣ್ಣದಂಶ ಇನ್ನೂ ಮೊಟ್ಟೆ ಇಡದ ಹ್ಯಾಟೆಯ ಮೂತ್ರಪಿಂಡಕ್ಕೆ ಕೆಟ್ಟದ್ದು.

ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ. ತೂಕ ಏರುತ್ತಾ ಹೋಗಬೇಕು, ಜುಟ್ಟು ಕೆಂಪಾಗಬೇಕು, ಹಿಕ್ಕೆ ಗಟ್ಟಿಯಾಗಬೇಕು. ಆಗಲೂ ನೇರ ಹಿಂಡಿಗಲ್ಲ! 7ರಿಂದ 10 ದಿನ ತಂತಿಬಲೆಯ ಆಚೆ ಈಚೆ ಇಟ್ಟು ಮುಖ ಪರಿಚಯ ಆಗಲಿ. ಮೊದಲು ಹಿಂಡಿನ ಒಂದು ಸಾಧು ಕೋಳಿಯನ್ನು ಇದರ ಜೊತೆ ಬಿಡಿ. ಆಮೇಲೆ ಇಬ್ಬರನ್ನೂ ಕತ್ತಲಾದ ಮೇಲೆ ಅಡ್ಡಗೋಲಿನ ಮೇಲೆ ಕೂರಿಸಿ. ಬೆಳಗ್ಗೆ ಬೇಗ ಎದ್ದು ನೋಡಿ, ಮೇವು ನೀರು ಎರಡು ಕಡೆ ಇಡಿ, ಗೋಡೆಗೆ ಒಂದು ಹಲಗೆ ವಾಲಿಸಿ, ಅಟ್ಟಿಸಿಕೊಂಡು ಬಂದರೆ ನುಗ್ಗಿಕೊಳ್ಳಲಿ. ಸುಮ್ಮನೆ ಒಂದೆರಡು ಕುಕ್ಕು ಬಿದ್ದರೆ ಬಿಡಿ. ರಕ್ತ ಕಂಡರೆ ಕೂಡಲೇ ತೆಗೆಯಿರಿ. ಒಂದೇ ಕೋಳಿ ಜೋರು ಮಾಡುತ್ತಿದ್ದರೆ ಆ ಜೋರಿನದ್ದನ್ನೇ ಎರಡು ದಿನ ಆಚೆ ಹಾಕಿ.

ಕೊಳ್ಳೋರಿಗೆ ಇಷ್ಟೇ: ಹಗಲಲ್ಲಿ ನೋಡಿ, ತಿರುಗಿಸಿ ನೋಡಿ, ಪುಕ್ಕದ ಬುಡ ನೋಡಿ, ಅವರ ಗೂಡಿನ ನೆಲದ ಹಿಕ್ಕೆ ನೋಡಿ. ತೋರಿಸಲ್ಲ ಅಂದರೆ ಎದ್ದು ಬನ್ನಿ. ತಂದ ಮೇಲೆ 30 ದಿನ ಬೇರೆ ಇಡಿ, ಮೊದಲು ನಿಮ್ಮ ಹಿಂಡಿಗೆ ಮೇವು ಹಾಕಿ, ಕೊನೆಗೆ ಹೊಸದರ ಹತ್ತಿರ ಹೋಗಿ.

ದುಡ್ಡು ವಾಪಸ್ ಕೇಳಿದ್ದಕ್ಕೆ "ಜೀವ ಇರೋ ಪ್ರಾಣಿಗೆ ಗ್ಯಾರಂಟಿ ಕೊಡೋಕಾಗಲ್ಲ ಸರ್" ಅಂದರು. ಗ್ಯಾರಂಟಿ ನಾನು ಕೇಳಿರಲಿಲ್ಲ. ಹಿಂಭಾಗ ಸೋಪು ಹಾಕಿ ತೊಳೆದಿದ್ದು ಯಾಕೆ ಅಂತ ಮೂರು ಸಲ ಕೇಳಿದೆ. ಅದೊಂದಕ್ಕೆ ಮಾತ್ರ ಇವತ್ತಿನವರೆಗೂ ಉತ್ತರ ಬಂದಿಲ್ಲ.