ಒಂದು ಇಳಕಲ್ ಸೀರೆ, ಎರಡು ಆನ್‌ಲೈನ್ ಮಳಿಗೆಗಳು

ಗೌರಿ ಹಬ್ಬಕ್ಕೆ ಅಮ್ಮನಿಗೆ ಇಳಕಲ್ ಸೀರೆ ಕೊಡಿಸಬೇಕೆಂದು ಹೊರಟ ನಾನು ಒಂದೇ ವಾರದಲ್ಲಿ ಎರಡು ಆನ್‌ಲೈನ್ ಮಳಿಗೆಗಳನ್ನು ಹೊಕ್ಕು ಬಂದೆ. ಮೊದಲನೆಯದರಲ್ಲಿ ಸೀರೆ ಆರಿಸಿ, ವಿಳಾಸ ತುಂಬಿ, ಹಣ ಕಟ್ಟುವ ಪುಟದವರೆಗೆ ಹೋಗಿ ಹಿಂದಿರುಗಿದೆ. ಎರಡನೆಯದರಲ್ಲಿ ಸೀರೆಯ ಜೊತೆಗೆ, ಮೊದಲು ಯೋಚಿಸಿಯೇ ಇರದ ರವಿಕೆಯ ಖಣವನ್ನೂ ಕೊಂಡೆ. ಬೆಲೆಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಇವೆರಡರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಕೊಳ್ಳಲೆಂದೇ ಬಂದವರು ಯಾವ ಹಂತದಲ್ಲಿ ಎದ್ದು ಹೋಗುತ್ತಾರೆ, ಏಕೆ ಹೋಗುತ್ತಾರೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಮೊದಲ ಮಳಿಗೆಯ ಮುಖಪುಟ ತೆರೆದೊಡನೆ ಕಂಡದ್ದು ಸೀರೆಯಲ್ಲ, ರಿಯಾಯಿತಿಯ ಚಕ್ರ. ಅದನ್ನು ತಿರುಗಿಸಲು ಮೊಬೈಲ್ ಸಂಖ್ಯೆ ಕೊಡಬೇಕು. ಬೇಡವೆನ್ನುವವರು ಒತ್ತಬೇಕಾದ ಗುಂಡಿಯ ಮೇಲೆ ‘ಬೇಡ, ನನಗೆ ಉಳಿತಾಯದಲ್ಲಿ ಆಸಕ್ತಿಯಿಲ್ಲ’ ಎಂದು ಬರೆದಿತ್ತು. ಅದನ್ನು ದಾಟಿ ಒಳಗೆ ಹೋದರೆ, ಸೀರೆಯುಟ್ಟ ರೂಪದರ್ಶಿಯ ಮೂರು ಚಿತ್ರಗಳಿದ್ದವು. ಮೂರರಲ್ಲಿಯೂ ಸೆರಗು ಬೆನ್ನ ಹಿಂದೆ ಅಡಗಿತ್ತು. ವಿವರಣೆಯಲ್ಲಿ ‘ಸಾಂಪ್ರದಾಯಿಕ, ಸೊಗಸಾದ, ಎಲ್ಲ ಸಮಾರಂಭಗಳಿಗೂ ಒಪ್ಪುವ’ ಎಂಬ ಮಾತುಗಳು ಮಾತ್ರ. ಇಳಕಲ್ ಸೀರೆ ಕೊಳ್ಳುವವರು ಕೇಳುವುದು ಇದನ್ನಲ್ಲ. ಒಡಲು ಹತ್ತಿಯದೋ ರೇಷ್ಮೆಯದೋ, ಸೆರಗಿನ ರೇಷ್ಮೆ ಅಸಲಿಯೋ ಕೃತಕವೋ, ಒಡಲಿನ ಹಾಸುನೂಲಿಗೂ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆ) ಸೆರಗಿನ ಹಾಸುನೂಲಿಗೂ ಕೊಂಡಿ ಹಾಕಿ ಜೋಡಿಸಿದ್ದಾರೋ, ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂಬುದು ತಿಳಿಯದೆ ಬೆಲೆ ಹೆಚ್ಚೋ ಕಡಿಮೆಯೋ ಎಂದು ಹೇಳುವುದಾದರೂ ಹೇಗೆ? ಬಟ್ಟೆ ಅಂಗಡಿಯಲ್ಲಾದರೆ ಗದ್ದಿಗೆಯ ಮೇಲೆ ಕುಳಿತವರು ಕೇಳುವ ಮೊದಲೇ ಸೆರಗು ಬಿಡಿಸಿ ತೋರಿಸುತ್ತಾರೆ.

ಆದರೂ ಬಣ್ಣ ಹಿಡಿಸಿದ್ದರಿಂದ ಮುಂದುವರಿದೆ. ಪುಟದ ಮೇಲ್ಭಾಗದಲ್ಲಿ ‘ಈ ಬೆಲೆ ಇನ್ನು 9 ನಿಮಿಷ ಮಾತ್ರ’ ಎಂದು ಗಡಿಯಾರವೊಂದು ಓಡುತ್ತಿತ್ತು. ಪುಟವನ್ನು ಮತ್ತೆ ತೆರೆದಾಗ ಅದು ಪುನಃ 9ರಿಂದಲೇ ಆರಂಭವಾಯಿತು! ಹಣ ಕಟ್ಟುವ ಪುಟದಲ್ಲಿ ನೋಡಿದರೆ ಒಟ್ಟು ಮೊತ್ತಕ್ಕೆ ಸಾಗಣೆ ವಿಮೆ ಸೇರಿಕೊಂಡಿತ್ತು. ನಾನು ಗುರುತು ಹಾಕದಿದ್ದ ಚೌಕದಲ್ಲಿ ಅವರೇ ಗುರುತು ಹಾಕಿಟ್ಟಿದ್ದರು. ಹೀಗೆ ಮೊದಲೇ ಗುರುತು ಹಾಕಿ ಗ್ರಾಹಕರ ಒಪ್ಪಿಗೆ ಪಡೆಯುವುದನ್ನು 2020ರ ಇ-ಕಾಮರ್ಸ್ ನಿಯಮಗಳು ನಿಷೇಧಿಸಿವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಇಂತಹ 13 ಕುತಂತ್ರಗಳನ್ನು ಪಟ್ಟಿ ಮಾಡಿದೆ. ಸುಳ್ಳು ಅವಸರ, ಬುಟ್ಟಿಗೆ ಕದ್ದು ಸೇರಿಸುವುದು, ಬೇಡವೆಂದವರನ್ನು ನಾಚಿಸುವುದು ಇವು ಮೂರೂ ಅದರಲ್ಲಿವೆ, ಮತ್ತು ಈ ಮಳಿಗೆಯಲ್ಲಿ ಮೂರನ್ನೂ ಕಾಲು ಗಂಟೆಯೊಳಗೆ ಕಂಡೆ. ವಿಮೆಯ ಮೊತ್ತ ದೊಡ್ಡದಲ್ಲ. ಆದರೆ ನಲವತ್ತು ರೂಪಾಯಿಯನ್ನು ಹೇಳದೆ ಸೇರಿಸುವವರು ರೇಷ್ಮೆಯ ವಿಷಯದಲ್ಲಿ ನಿಜ ಹೇಳುತ್ತಾರೆಂದು ನಂಬಲು ನನಗೆ ಮನಸ್ಸಾಗಲಿಲ್ಲ.

ಎರಡನೆಯ ಮಳಿಗೆ ನೋಟಕ್ಕೆ ಬಡವಾಗಿದೆ. ಬಿಳಿಯ ಹಿನ್ನೆಲೆ, ದೊಡ್ಡ ಅಕ್ಷರ, ಚಲಿಸುವ ಚಿತ್ರಪಟ್ಟಿಯೂ ಇಲ್ಲ. ಆದರೆ ಪ್ರತಿ ಸೀರೆಗೂ ಆರು ಚಿತ್ರಗಳಿವೆ, ಅವುಗಳಲ್ಲಿ ಎರಡನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಒಂದರಲ್ಲಿ ದಡಿಯ ಮೇಲೆ ಅಳತೆಪಟ್ಟಿಯನ್ನೇ ಇಟ್ಟು ಅದರ ಅಗಲವನ್ನು ತೋರಿಸಿದ್ದರು. ಇನ್ನೊಂದರಲ್ಲಿ ಸೆರಗು ಒಡಲಿಗೆ ಸೇರುವ ಜಾಗವನ್ನು ಹಿಂಬದಿಯಿಂದ ಎಷ್ಟು ಹತ್ತಿರದಿಂದ ತೆಗೆದಿದ್ದರೆಂದರೆ, ಕೆಂಪು ಎಳೆ ಮತ್ತು ಕಡುನೀಲಿ ಎಳೆ ಒಂದಕ್ಕೊಂದು ಕೊಂಡಿಯಾಗಿ ಸಿಕ್ಕಿಕೊಂಡಿರುವುದನ್ನು ಬೆರಳಿನಿಂದ ಹಿಗ್ಗಿಸಿ ನೋಡಬಹುದಿತ್ತು. ‘ಕಿಟಕಿಯ ಬೆಳಕಿನಲ್ಲಿ ತೆಗೆದ ಚಿತ್ರ, ಟ್ಯೂಬ್‌ಲೈಟಿನಡಿ ಬಣ್ಣ ಇದಕ್ಕಿಂತ ಗಾಢವಾಗಿ ಕಾಣುತ್ತದೆ’ ಎಂಬ ಒಂದು ಸಾಲೂ ಇತ್ತು. ಆ ಸಾಲು ಬರೆದವರು ಗಿರಾಕಿಗಳ ಎದುರು ಕುಳಿತು ಸೀರೆ ಮಾರಿದವರೇ ಇರಬೇಕು.

ಉದ್ದ 5.5 ಮೀಟರ್, ರವಿಕೆಯ ಬಟ್ಟೆ ಇದರೊಂದಿಗೆ ಬರುವುದಿಲ್ಲ ಎಂದು ಬೆಲೆಯ ಪಕ್ಕದಲ್ಲಿಯೇ ಬರೆದು, ಅದರ ಕೆಳಗೆ ಈ ಸೆರಗಿಗೆ ಹೊಂದುವ ಗುಳೇದಗುಡ್ಡದ ಖಣಗಳನ್ನು ನಾಲ್ಕೇ ನಾಲ್ಕು ತೋರಿಸಿದ್ದರು. ನಲವತ್ತು ತೋರಿಸಿದ್ದರೆ ಆಮೇಲೆ ನೋಡೋಣವೆಂದು ಮುಚ್ಚಿಬಿಡುತ್ತಿದ್ದೆ. ಕೊರತೆಯನ್ನು ಮುಚ್ಚಿಡದೆ ಹೇಳಿದ್ದೇ ಇಲ್ಲಿ ಇನ್ನೊಂದು ವಸ್ತುವನ್ನು ಮಾರಿತು.

ಖಾತೆ ತೆರೆಯಿರೆಂದು ಇಲ್ಲಿ ಒತ್ತಾಯವಿಲ್ಲ. ಪಿನ್‌ಕೋಡ್ ಹಾಕುವಾಗ ಅಂಕಿಗಳ ಕೀಲಿಮಣೆಯೇ ಬರುತ್ತದೆ, ಜಿಲ್ಲೆ ಮತ್ತು ರಾಜ್ಯ ತಾವಾಗಿ ತುಂಬಿಕೊಳ್ಳುತ್ತವೆ, ಸಾಗಣೆ ವೆಚ್ಚವನ್ನು ಸೀರೆಯ ಪುಟದಲ್ಲಿಯೇ ಹೇಳಿರುತ್ತಾರೆ. ದೂರು ಅಧಿಕಾರಿಯ ಹೆಸರು, ದೂರವಾಣಿ ಸಂಖ್ಯೆಗಳೂ ಪುಟದ ಬುಡದಲ್ಲಿವೆ.

ದೋಷಗಳಿಲ್ಲವೆಂದಲ್ಲ. ಮೊಬೈಲಿನಲ್ಲಿ ಕೊಳ್ಳುತ್ತಿದ್ದ ನನಗೆ ಯುಪಿಐ ಪಾವತಿಗೆಂದು ಅದೇ ಮೊಬೈಲಿನ ಪರದೆಯ ಮೇಲೆ ಕ್ಯೂಆರ್ ಕೋಡ್ ತೋರಿಸಿದರು. ಅದನ್ನು ಸ್ಕ್ಯಾನ್ ಮಾಡಲು ಪಕ್ಕದ ಮನೆಯವರ ಫೋನ್ ಕೇಳಬೇಕೇ? ಪಾವತಿಯ ಆ್ಯಪ್ ನೇರವಾಗಿ ತೆರೆದುಕೊಳ್ಳುವ ಗುಂಡಿ ಇತ್ತಾದರೂ, ಕೋಡಿನ ಕೆಳಗೆ, ಪರದೆಯನ್ನು ಸರಿಸಿದರೆ ಮಾತ್ರ ಕಾಣುವಂತಿತ್ತು. ಹುಡುಕುವ ಪಟ್ಟಿಯಲ್ಲಿ ‘ಇಳಕಲ್’ ಎಂದರೆ ಸೀರೆಗಳು ಬರುತ್ತವೆ, ‘ಇಲಕಲ್’ ಎಂದರೆ ‘ಏನೂ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಅಮ್ಮನ ವಯಸ್ಸಿನವರು ಮೊಬೈಲಿನಲ್ಲಿ ಟೈಪ್ ಮಾಡುವಾಗ ಳಕಾರ ಸಿಗದೆ ಲಕಾರ ಒತ್ತುವುದು ಎಷ್ಟು ಸಹಜವೆಂದು ಯೋಚಿಸಿದರೆ, ಅಂಗಡಿಯ ಬಾಗಿಲಿಗೇ ಬಂದವರನ್ನು ಹೀಗೆ ಕಳುಹಿಸುವುದು ದುಬಾರಿಯ ತಪ್ಪು.

ಫಾಲ್ ಮತ್ತು ಪಿಕೊ ಮಾಡಿಸಬೇಕೇ ಎಂದೂ ಕೇಳಿದ್ದರು, ಮಾಡಿಸಿದರೆ ಸೀರೆಯನ್ನು ಹಿಂದಿರುಗಿಸಲಾಗದು ಎಂಬ ಸೂಚನೆ ಅಲ್ಲಿಯೇ ಇತ್ತು. ನಾನು ಬೇಡವೆಂದೆ. ಸೀರೆ ಐದನೆಯ ದಿನ ಬಂತು. ಅಮ್ಮ ಮೊದಲು ಮಾಡಿದ್ದು ಸೆರಗಿನ ಜೋಡಣೆಯನ್ನು ತಿರುವಿ ನೋಡಿದ್ದು. ನೋಡಿ, ಮಡಚಿ, ಫಾಲ್ ಹಾಕಿಸಲು ಬೀದಿ ಕೊನೆಯ ಟೈಲರಿಗೆ ಕೊಟ್ಟು ಬಂದರು.